ಹಳೆ ಕಾರು ತಗೊಳ್ಳಾಕ ಹೊಂಟೀರೇನು? ಹತ್ತಿದ ಲೈಟಿಗಿಂತ ಹತ್ತದ ಲೈಟಿಗೆ ಹೆದರ್ರಿ

ಯಂಕಂಚಿ (ಸಿಂದಗಿ): ತೊಗರಿ, ಹತ್ತಿ ಮಾರಿದ ರೊಕ್ಕ ಕೈಗೆ ಬಂದಾಗ ಮನೆಗೊಂದು ಹಳೆ ಕಾರು ತರೋಣ ಅನ್ನುವವರು ನಮ್ಮ ಭಾಗದಲ್ಲಿ ಬಹಳ ಮಂದಿ. ಬರೀ ಶೋಕಿಗಲ್ಲ. ರಾತ್ರಿ ಹೊತ್ತಿನಲ್ಲಿ ಮನೆಯಲ್ಲಿ ಯಾರಿಗಾದರೂ ಆರಾಮ ತಪ್ಪಿದರೆ ಸಿಂದಗಿಗೆ ಓಡಬೇಕು, ಅಲ್ಲಿ ಆಗದಿದ್ದರೆ ವಿಜಯಪುರಕ್ಕೆ. ಅಂಥ ಹೊತ್ತಿನಲ್ಲೇ ಚಾವಿ ತಿರುವಿದಾಗ ಗಾಡಿ ‘ಟಕ್’ ಅಂದು ಸುಮ್ಮನಾದರೆ ಏನು ಮಾಡುವುದು?

ಮೀಟರಿನಲ್ಲಿ ಹಳದಿ ಲೈಟು ಕಂಡು ಕೇಳಿದರೆ ಮಾರುವವರ ಉತ್ತರ ಸಾಮಾನ್ಯವಾಗಿ ಒಂದೇ: “ಅದೇನ್ ಇಲ್ರೀ, ಬರೇ ಸೆನ್ಸರ್ ಲೈಟು. ಗಾಡಿ ಮಸ್ತ್ ಐತಿ.” ಈ ಮಾತು ನಂಬುವ ಮುಂಚೆ ಹತ್ತು ನಿಮಿಷ ಕೊಟ್ಟು ನೀವೇ ಪರೀಕ್ಷೆ ಮಾಡಬಹುದು. ಮೆಕ್ಯಾನಿಕ್ ಆಗಿರಬೇಕಿಲ್ಲ.

ಮೊದಲ ಪರೀಕ್ಷೆ: ಚಾವಿ ಆನ್, ಸೆಲ್ಫ್ ಬೇಡ

ಗಾಡಿ ನೋಡಲು ಹೋದಾಗ ಮೊದಲು ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಎಂದರ್ಥ. ಎಂಜಿನ್ ತಣ್ಣಗಿದ್ದಾಗಲೇ ಅದರ ನಿಜವಾದ ಗುಣ ಗೊತ್ತಾಗುವುದು. ಬಿಸಿಲಲ್ಲಿ ನಿಂತ ಗಾಡಿಯ ಬಾನೆಟ್ ಹೇಗಿದ್ದರೂ ಸುಡುತ್ತದೆ, ಹಾಗಾಗಿ ಬೆಳಿಗ್ಗೆಯೇ ಹೋಗಿ.

ಈಗ ಚಾವಿ ಆನ್ ಮಾಡಿ, ಆದರೆ ಸೆಲ್ಫ್ ಹೊಡೆಯಬೇಡಿ. ಕೆಂಪು ಬಣ್ಣದ ಆಯಿಲ್ ಲೈಟು, ಬ್ಯಾಟರಿ ಲೈಟು, ಹಳದಿ ಬಣ್ಣದ ಚೆಕ್ ಎಂಜಿನ್ ಲೈಟು ಹತ್ತಬೇಕು. ಎಬಿಎಸ್, ಏರ್‌ಬ್ಯಾಗ್ ಇರುವ ಗಾಡಿಯಾದರೆ ಆ ಲೈಟುಗಳೂ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಉಳಿದವು ಎಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು.

ಸ್ಟಾರ್ಟ್ ಆದ ಮೇಲೂ ಉಳಿದ ಲೈಟು ದೋಷವನ್ನು ಹೇಳುತ್ತದೆ. ಆದರೆ ಚಾವಿ ಆನ್ ಮಾಡಿದಾಗ ಹತ್ತಲೇ ಇಲ್ಲ ಎಂದರೆ ಅದು ಇನ್ನೂ ಕೆಟ್ಟದ್ದು. ಬಲ್ಬ್ ತೆಗೆದಿರಬಹುದು, ವೈರ್ ಕತ್ತರಿಸಿರಬಹುದು, ಫ್ಯೂಸ್ ಹೋಗಿರಬಹುದು. ಕಾರಣ ತಿಳಿಯುವವರೆಗೆ ಮುಂಗಡ ಕೊಡಬೇಡಿ.

ಬಣ್ಣ ಹೇಳುವ ಮಾತು

ಕೆಂಪು ಅಂದರೆ ನಿಲ್ಲಿಸು. ಓಡುವಾಗ ಆಯಿಲ್ ಲೈಟು ಹತ್ತಿದರೆ ಬದಿಗೆ ಹಾಕಿ ಎಂಜಿನ್ ಬಂದ್ ಮಾಡಿ. ‘ಊರು ಮುಟ್ಟಿ ನೋಡಿದರಾಯ್ತು’ ಎಂದು ಓಡಿಸಿದರೆ ಎಂಜಿನ್ ಜಾಮ್ ಆಗುತ್ತದೆ. ಟೆಂಪರೇಚರ್ ಲೈಟು ಹತ್ತಿದರೂ ಹಾಗೆಯೇ. ಆದರೆ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಬಾರದು, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಬ್ಯಾಟರಿ ಲೈಟು ಹತ್ತಿದರೆ ಚಾರ್ಜಿಂಗ್ ಆಗುತ್ತಿಲ್ಲ, ಗಾಡಿ ಬ್ಯಾಟರಿಯಲ್ಲಿ ಉಳಿದಷ್ಟರ ಮೇಲೆ ಓಡುತ್ತಿದೆ. ಕೆಲವು ಗಾಡಿಗಳಲ್ಲಿ ನೀರಿನ ಪಂಪ್ ತಿರುಗಿಸುವುದೂ ಅದೇ ಬೆಲ್ಟು. ಬೆಲ್ಟ್ ಹರಿದಿದ್ದರೆ ಎಂಜಿನ್ ಕೂಡ ಬಿಸಿಯಾಗುತ್ತದೆ.

ಹಳದಿ ಅಂದರೆ ಬೇಗ ತೋರಿಸು. ಚೆಕ್ ಎಂಜಿನ್ ಲೈಟು ಸುಮ್ಮನೆ ಹತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಮಿಣುಕುತ್ತಿದ್ದರೆ ಮಿಸ್‌ಫೈರ್ ಜೋರಾಗಿದೆ, ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಹಾಳು ಮಾಡುತ್ತದೆ. ಆಗ ಓಡಿಸಬೇಡಿ. ಡೀಸೆಲ್ ಗಾಡಿಯಲ್ಲಿ ಹಳದಿ ಸುರುಳಿಯಂಥ ಗುರುತು ಹೀಟರ್ ಪ್ಲಗ್‌ನದು. ಅದು ಆರಿದ ಮೇಲೆಯೇ ಸೆಲ್ಫ್ ಹೊಡೆಯಬೇಕು.

ಸ್ಟಾರ್ಟ್ ಆಗದಿದ್ದರೆ ಸದ್ದು ಕೇಳಿ

ಲೈಟೂ ಇಲ್ಲ, ಸದ್ದೂ ಇಲ್ಲ: ಬ್ಯಾಟರಿ ಪೂರ್ತಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಅದೇ ಕಾರಣ ಇರಬಹುದು. ಬಿಚ್ಚುವಾಗ ಮೈನಸ್ ಮೊದಲು, ಕೂಡಿಸುವಾಗ ಮೈನಸ್ ಕೊನೆಗೆ.

‘ಟಕ್ ಟಕ್ ಟಕ್’ ಎಂದು ಬೇಗ ಬೇಗ ಸದ್ದು: ಬ್ಯಾಟರಿಯಲ್ಲಿ ದಮ್ ಇಲ್ಲ. ಲೈಟು ಜೋರಾಗಿದ್ದು ಒಂದೇ ಸಲ ‘ಟಕ್’ ಎಂದರೆ ಸೆಲ್ಫ್ ಮೋಟರ್ ಕಡೆ ಅನುಮಾನ ಪಡಬೇಕು.

ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ: ಬ್ಯಾಟರಿ ಬದಲಿಸಿ ರೊಕ್ಕ ಕಳೆಯಬೇಡಿ. ಹೆಚ್ಚಿನ ಪೆಟ್ರೋಲ್ ಗಾಡಿಗಳಲ್ಲಿ ಚಾವಿ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ‘ಗುಂಯ್’ ಎಂಬ ಸದ್ದು ಬರುತ್ತದೆ. ಅದು ಪೆಟ್ರೋಲ್ ಪಂಪ್. ಸದ್ದೇ ಬರದಿದ್ದರೆ ಫ್ಯೂಸ್, ರಿಲೇ, ಪಂಪ್ ನೋಡಿಸಿ. ಸದ್ದು ಬರುತ್ತಿದ್ದರೆ ಪ್ಲಗ್, ಕಾಯಿಲ್, ಕ್ರ್ಯಾಂಕ್ ಸೆನ್ಸರ್ ನೋಡಿಸಿ. ಪ್ಲಗ್ ವೈರ್ ಕೈಯಲ್ಲಿ ಹಿಡಿದು ಕಿಡಿ ನೋಡುವ ಹಳೆ ಪದ್ಧತಿ ಬೇಡವೇ ಬೇಡ. ಅಲ್ಲಿ ಸಾವಿರಾರು ವೋಲ್ಟ್ ಹರಿಯುತ್ತದೆ.

ಸ್ಟಾರ್ಟ್ ಆಗಿ ಕೂಡಲೇ ಬಂದ್, ಮೀಟರಿನಲ್ಲಿ ಚಾವಿ ಗುರುತು ಮಿಣುಕುತ್ತದೆ: ಗಾಡಿ ಚಾವಿಯನ್ನು ಗುರುತಿಸುತ್ತಿಲ್ಲ. ಎರಡನೇ ಚಾವಿ ಹಾಕಿ ನೋಡಿ. ಅದಕ್ಕೇ ಕೊಳ್ಳುವಾಗ ಎರಡೂ ಚಾವಿ ಕೇಳಿ ಪಡೆಯಬೇಕು.

ತಣ್ಣಗಿದ್ದಾಗ ಸರಿ, ಮಧ್ಯಾಹ್ನ ಓಡಿ ನಿಲ್ಲಿಸಿದ ಮೇಲೆ ಹಟ ಹಿಡಿಯುತ್ತದೆ: ಕ್ರ್ಯಾಂಕ್ ಸೆನ್ಸರ್ ಅಥವಾ ಕಾಯಿಲ್ ಬಿಸಿಗೆ ಕೈಕೊಡುತ್ತಿರಬಹುದು. ಹೀಗಾಗಿ ಗಾಡಿಯನ್ನು ಬೆಳಿಗ್ಗೆ ಒಮ್ಮೆ, ಅರ್ಧ ತಾಸು ಓಡಿಸಿದ ಮೇಲೆ ಮತ್ತೊಮ್ಮೆ ಸ್ಟಾರ್ಟ್ ಮಾಡಿ ನೋಡಿ.

ನಮ್ಮ ಕಡೆಯ ಬಿಸಿಲು, ಇಲಿ

ಬ್ಯಾಟರಿಯನ್ನು ಒಳಗಿಂದ ಕೆಡಿಸುವುದು ಬೇಸಿಗೆ, ಅದು ಬಯಲಾಗುವುದು ಚಳಿಗಾಲದ ಬೆಳಿಗ್ಗೆ. ಗ್ಯಾರೇಜಿನಲ್ಲಿ ಮಲ್ಟಿಮೀಟರ್ ಹಿಡಿಸಿ: ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರಬೇಕು, 12.2ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಅರ್ಧಕ್ಕೆ ಬಂದಿದೆ. ಎಂಜಿನ್ ಚಾಲೂ ಇದ್ದಾಗ ಸಾಮಾನ್ಯವಾಗಿ 13.8ರಿಂದ 14.4. ಅಷ್ಟು ಏರದಿದ್ದರೆ ಆಲ್ಟರ್ನೇಟರ್ ತೋರಿಸಿ.

ಕಣಕಿ ಬಣವಿ ಪಕ್ಕ ವಾರಗಟ್ಟಲೆ ನಿಂತ ಗಾಡಿಯಾದರೆ ಬಾನೆಟ್ ಎತ್ತಿ ವೈರ್ ನೋಡಿ. ಇಲಿ ಕಡಿದ ಒಂದು ವೈರ್ ಸಾಕು, ಮೀಟರಿನಲ್ಲಿ ಮೂರು ಲೈಟು ಹತ್ತಲು.

ಸ್ಕ್ಯಾನರ್ ಹಚ್ಚಿಸಿ, ಆದರೆ ಓಡಿಸಿದ ಮೇಲೆ

ಈಗಿನ ಗಾಡಿಗಳಲ್ಲಿ ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಸ್ಕ್ಯಾನರ್ ಹಚ್ಚಿದರೆ ದೋಷದ ಕೋಡ್ ಬರುತ್ತದೆ. ಪಿ0301 ಅಂದರೆ 1ನೇ ಸಿಲಿಂಡರ್ ಮಿಸ್‌ಫೈರ್, ಪಿ0335 ಅಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್. ಕೋಡ್ ಎಲ್ಲಿ ಹುಡುಕಬೇಕು ಎಂದು ತೋರಿಸುತ್ತದೆ, ಯಾವ ಸಾಮಾನು ಕೊಳ್ಳಬೇಕು ಎಂದಲ್ಲ. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಗಾಡಿಯಲ್ಲಿ 1 ಮತ್ತು 2ನೇ ಕಾಯಿಲ್ ಅದಲು ಬದಲು ಮಾಡಿಸಿ. ಕೋಡ್ ಪಿ0302ಕ್ಕೆ ಹೋದರೆ ತಪ್ಪು ಕಾಯಿಲ್‌ನದು. ಪಿ0301 ಆಗಿಯೇ ಉಳಿದರೆ ಪ್ಲಗ್ ಅಥವಾ ಇಂಜೆಕ್ಟರ್ ಕಡೆ ನೋಡಬೇಕು.

ಒಂದು ಎಚ್ಚರಿಕೆ. ಮಾರುವ ಮುಂಚೆ ಕೋಡ್ ಅಳಿಸಿ ಲೈಟು ಆರಿಸುವುದು ಒಂದು ನಿಮಿಷದ ಕೆಲಸ. ಹೊಸದಾಗಿ ಅಳಿಸಿದ್ದರೆ ಸ್ಕ್ಯಾನರಿನಲ್ಲಿ ‘ಮಾನಿಟರ್’ಗಳು ತಯಾರಿಲ್ಲ ಎಂದು ತೋರಿಸುತ್ತದೆ. “ನಿನ್ನೆ ಬ್ಯಾಟರಿ ಬಿಚ್ಚಿದ್ವಿ” ಎಂದು ಹೇಳಿದರೂ ಅನುಮಾನ ಇರಲಿ. ಸಿಂದಗಿಯಿಂದ ವಿಜಯಪುರಕ್ಕೆ ಹೆದ್ದಾರಿ 50ರಲ್ಲಿ ಸುಮಾರು 60 ಕಿ.ಮೀ. ಓಡಿಸಿ, ಅಲ್ಲಿ ಸ್ಕ್ಯಾನ್ ಮಾಡಿಸಿ. ಅಡಗಿದ್ದ ದೋಷ ತಿರುಗಿ ಬರುವ ಸಾಧ್ಯತೆ ಹೆಚ್ಚು.

ಗಾಡಿ ಒಳ್ಳೆಯದಿದ್ದರೆ ಮಾರುವವರು ಈ ಪರೀಕ್ಷೆಗೆ ಬೇಡ ಅನ್ನುವುದಿಲ್ಲ. ‘ಅಷ್ಟೆಲ್ಲ ಟೈಮ್ ಇಲ್ರೀ’ ಅಂದರೆ ನೀವೂ ರೊಕ್ಕ ಕಿಸೆಯಲ್ಲೇ ಇಟ್ಟುಕೊಂಡು ಊರಿಗೆ ಬನ್ನಿ.