ಓದಿ ತಿದ್ದುವ ಚಿತ್ರಗಳು

ವಿಕಿಪೀಡಿಯದಲ್ಲಿ ಭಾರತವನ್ನು ಕುರಿತ ಲೇಖನವನ್ನು ಯಾವ ಭಾಷೆಯಲ್ಲಿ ತೆರೆದರೂ ಅಲ್ಲಿ ಕಾಣುವ ತ್ರಿವರ್ಣ ಧ್ವಜವು ಆಯಾ ಭಾಷೆಯವರು ಬೇರೆ ಬೇರೆಯಾಗಿ ರಚಿಸಿಕೊಂಡ ಚಿತ್ರವಾಗಿರದೆ, ಬಹುಮಟ್ಟಿಗೆ ಒಂದೇ ಕಡತದಿಂದ ಮೂಡಿದ ಬಿಂಬವಾಗಿರುತ್ತದೆ ಎಂಬುದನ್ನು ನಮ್ಮಲ್ಲಿ ಅನೇಕರು ಗಮನಿಸಿರಲಾರರು. ಆ ಕಡತವನ್ನು ಚಿತ್ರವಾಗಿ ನೋಡದೆ ಪಠ್ಯವಾಗಿ ತೆರೆದು ಓದಿದವರಿಗೆ ಸೊಗಸಾದ ಒಂದು ರಚನೆ ಗೋಚರವಾಗುತ್ತದೆ. ಅಶೋಕಚಕ್ರದ ಇಪ್ಪತ್ತನಾಲ್ಕು ಅರಗಳನ್ನು ಅಲ್ಲಿ ಇಪ್ಪತ್ತನಾಲ್ಕು ಸಲ ಬರೆದಿಲ್ಲ. ಒಂದೇ ಒಂದು ಅರದ ಆಕಾರವನ್ನು ನಿರೂಪಿಸಿ, ಅದನ್ನು 15 ಡಿಗ್ರಿ ತಿರುಗಿಸಿ ಎರಡನ್ನಾಗಿಯೂ, ಆ ಜೋಡಿಯನ್ನು 30 ಡಿಗ್ರಿ ತಿರುಗಿಸಿ ನಾಲ್ಕನ್ನಾಗಿಯೂ, ಆ ನಾಲ್ಕನ್ನು 60 ಡಿಗ್ರಿ ತಿರುಗಿಸಿ ಎಂಟನ್ನಾಗಿಯೂ ಮಾಡಿ, ಕಡೆಗೆ ಆ ಎಂಟರ ಸಮೂಹವನ್ನು ವೃತ್ತದ ಮೂರು ಭಾಗಗಳಲ್ಲಿ ನೆಲೆಗೊಳಿಸಿ ಚಕ್ರವನ್ನು ಪೂರ್ಣಗೊಳಿಸಿದ್ದಾರೆ. ಒಂದು ಅರವನ್ನು ತಿದ್ದಿದರೆ ಇಪ್ಪತ್ತನಾಲ್ಕನ್ನೂ ತಿದ್ದಿದಂತಾಯಿತು. ಒಂದರಲ್ಲಿ ಪ್ರಮಾದವಾದರೆ ಎಲ್ಲದರಲ್ಲಿಯೂ ಆಯಿತು. ಮುದ್ರಿತ ಪುಟವೊಂದನ್ನು ಸಹ ತುಂಬದ ಇಷ್ಟು ಪಠ್ಯದಲ್ಲಿ ಗಣಿತವೂ ಕಲೆಯೂ ಒಂದಾಗಿ ಕುಳಿತಿರುವುದನ್ನು ಕಂಡಾಗ, ಇದನ್ನು ರಚಿಸಿದವರ ಮತ್ತು ಇದನ್ನು ಕಾಪಾಡಿಕೊಂಡು ಬಂದವರ ಉದ್ಯೋಗವೆಂತಹುದು ಎಂಬ ಕುತೂಹಲ ಸಹಜವಾಗಿ ಹುಟ್ಟುತ್ತದೆ.

ಇಂತಹವನ್ನು ವೆಕ್ಟರ್ ಚಿತ್ರಗಳೆಂದು ಕರೆಯುತ್ತಾರೆ. ಛಾಯಾಚಿತ್ರವು ಬಣ್ಣದ ಚುಕ್ಕಿಗಳ ಸಾಲುಗಳಿಂದಾದುದು. ಹಿಗ್ಗಿಸುತ್ತ ಹೋದಂತೆ ಆ ಚುಕ್ಕಿಗಳು ಬಯಲಾಗಿ ಚಿತ್ರ ಕೆಡುತ್ತದೆ. ವೆಕ್ಟರ್ ಚಿತ್ರದಲ್ಲಾದರೋ ಇರತಕ್ಕವು ಚುಕ್ಕಿಗಳಲ್ಲ, ವಿಧಿವಾಕ್ಯಗಳು: ಇಂತಹ ಬಿಂದುವಿನಿಂದ ಇಂತಹ ಬಿಂದುವಿಗೆ ರೇಖೆಯನ್ನೆಳೆ, ಇಷ್ಟು ತ್ರಿಜ್ಯದ ವೃತ್ತವನ್ನು ಬರೆ, ಇಂತಹ ಬಣ್ಣವನ್ನು ತುಂಬು. ಆದುದರಿಂದ ಅದನ್ನು ಅಂಚೆಚೀಟಿಯಷ್ಟು ಕಿರಿದಾಗಿಸಿದರೂ ಗೋಡೆಯಷ್ಟು ಹಿರಿದಾಗಿಸಿದರೂ ಅಂಚುಗಳು ಮಸುಕಾಗುವುದಿಲ್ಲ. ಅಂತರ್ಜಾಲಕ್ಕೆ ಇಂತಹ ಚಿತ್ರದ ಒಂದು ಸಾಮಾನ್ಯ ಲಿಪಿ ಬೇಕೆಂಬ ಯತ್ನದಲ್ಲಿ 1998ರಲ್ಲಿ ಅಡೋಬಿ ಮುಂತಾದ ಸಂಸ್ಥೆಗಳ ಒಂದು ಪ್ರಸ್ತಾವವೂ ಮೈಕ್ರೋಸಾಫ್ಟ್ ಮುಂತಾದವರ ಇನ್ನೊಂದು ಪ್ರಸ್ತಾವವೂ ಪರಸ್ಪರ ಸ್ಪರ್ಧಿಗಳಾಗಿ ಬಂದುವು. ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಎರಡನ್ನೂ ಇದ್ದಂತೆ ಅಂಗೀಕರಿಸದೆ ಹೊಸದೊಂದನ್ನು ರೂಪಿಸಿ, 2001ರ ಸೆಪ್ಟೆಂಬರ್ 4ರಂದು ಪ್ರಕಟಿಸಿತು. ಅದೇ ಎಸ್‌ವಿಜಿ. ಸಾಮಾನ್ಯ ಪಠ್ಯ ಸಂಪಾದಕದಲ್ಲಿ ತೆರೆದು ಮನುಷ್ಯನು ಓದಬಹುದಾದ, ಓದಿ ತಿದ್ದಬಹುದಾದ ಚಿತ್ರಲಿಪಿ ಅದು.

ಈ ಚಿತ್ರಗಳ ಮಹಾಭಂಡಾರವೆಂದರೆ ವಿಕಿಮೀಡಿಯ ಕಾಮನ್ಸ್. ಎರಿಕ್ ಮೋಲರ್ ಎಂಬವರು 2004ರ ಮಾರ್ಚಿನಲ್ಲಿ ಮುಂದಿಟ್ಟ ಸಲಹೆಯಂತೆ ಅದೇ ವರ್ಷದ ಸೆಪ್ಟೆಂಬರ್ 7ರಂದು ಅದು ಆರಂಭವಾಯಿತು. ಅದಕ್ಕೆ ಮೊದಲು ಪ್ರತಿಯೊಂದು ಭಾಷೆಯ ವಿಕಿಪೀಡಿಯವೂ ತನ್ನ ಚಿತ್ರಗಳನ್ನು ತಾನೇ ಶೇಖರಿಸಿಕೊಳ್ಳಬೇಕಾಗಿತ್ತು. ಒಂದೇ ಚಿತ್ರದ ಹತ್ತಾರು ಪ್ರತಿಗಳು ಹತ್ತಾರು ಕಡೆಗಳಲ್ಲಿದ್ದು, ಒಂದರಲ್ಲಿ ತಪ್ಪನ್ನು ತಿದ್ದಿದರೆ ಉಳಿದವುಗಳಲ್ಲಿ ಅದು ಹಾಗೆಯೇ ಉಳಿಯುತ್ತಿತ್ತು. ಈಗ ಹತ್ತು ಕೋಟಿಗೂ ಮೀರಿದ ಕಡತಗಳಿರುವ ಈ ಭಂಡಾರದಲ್ಲಿ ಛಾಯಾಚಿತ್ರಗಳದೇ ಅಧಿಕಾಂಶ. ಆದರೆ ಧ್ವಜ, ಭೂಪಟ, ರಸ್ತೆಯ ಸಂಜ್ಞೆ, ಜೀವಕೋಶದ ನಕ್ಷೆ, ವಿದ್ಯುನ್ಮಂಡಲ ಮೊದಲಾಗಿ ಅತ್ಯಂತ ಹೆಚ್ಚು ಪುಟಗಳಲ್ಲಿ ಬಳಕೆಯಾಗತಕ್ಕವು ವೆಕ್ಟರ್ ಚಿತ್ರಗಳು. ಒಂದೇ ಕಡತವು ನೂರಾರು ಭಾಷೆಗಳ ಅಸಂಖ್ಯ ಪುಟಗಳಿಗೆ ಆಧಾರವಾಗಿರುವುದುಂಟು. ತಿದ್ದುವ ಅಧಿಕಾರ ಅನೇಕರಿಗೆ ಇರುವ ಇಂತಹ ಸ್ಥಳದಲ್ಲಿ ತಿದ್ದುವವನ ಹೊಣೆ ಎಷ್ಟು ಗುರುತರವಾದುದೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ಅರಿಯದವರಿಗೆ ಈ ಕೆಲಸದ ಕಷ್ಟವು ತಿಳಿಯದು. ಲೇಖನವನ್ನೋದುವವನ ಕಣ್ಣಿಗೆ ಬೀಳುವುದು ಎಸ್‌ವಿಜಿ ಕಡತವಲ್ಲ. ಸರ್ವರಿನಲ್ಲಿರುವ ಲಿಬ್‌ಆರ್‌ಎಸ್‌ವಿಜಿ ಎಂಬ ತಂತ್ರಾಂಶವು ಆ ಪಠ್ಯವನ್ನೋದಿ, ಬೇಕಾದ ಅಳತೆಗೆ ಪಿಎನ್‌ಜಿ ಎಂಬ ಚುಕ್ಕಿಗಳ ಚಿತ್ರವೊಂದನ್ನು ಸಿದ್ಧಪಡಿಸಿ ಕಳುಹಿಸುತ್ತದೆ. ಈ ವ್ಯವಸ್ಥೆ 2005ರಲ್ಲಿ ಬಂದಾಗ ಬ್ರೌಸರುಗಳಲ್ಲಿ ಹೆಚ್ಚಿನವು ಎಸ್‌ವಿಜಿಯನ್ನು ತಾವಾಗಿ ತೋರಿಸಲಾರದೆ ಇದ್ದುವು. ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಆ ಶಕ್ತಿ ಬಂದುದು 2011ರಲ್ಲಿ, ಅದರ ಒಂಬತ್ತನೆಯ ಆವೃತ್ತಿಯಲ್ಲಿ. ಕಡತದೊಳಗೆ ದುರುದ್ದೇಶದ ಸ್ಕ್ರಿಪ್ಟ್ ಅಡಗಿರಬಹುದೆಂಬ ಶಂಕೆಯೂ ಈ ವ್ಯವಸ್ಥೆಗೆ ಕಾರಣ. ಸ್ಕ್ರಿಪ್ಟ್ ಇರುವ ಕಡತವನ್ನು ಕಾಮನ್ಸ್ ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಹೀಗಾಗಿ ಒಂದೇ ಪಠ್ಯಕ್ಕೆ ಇಬ್ಬರು ವಾಚಕರಾದರು: ರಚಿಸಿದವನ ಗಣಕದಲ್ಲಿರುವ ತಂತ್ರಾಂಶವೊಂದು, ಸರ್ವರಿನ ತಂತ್ರಾಂಶವಿನ್ನೊಂದು. ತನ್ನ ಮನೆಯಲ್ಲಿ ಸರ್ವಾಂಗಸುಂದರವಾಗಿ ತೋರಿದ ಚಿತ್ರವು ಅಪ್‌ಲೋಡ್ ಮಾಡಿದೊಡನೆ ವಿಕಾರವಾಯಿತೆಂದು ಹೊಸಬರು ಕಳವಳಗೊಳ್ಳುವುದಕ್ಕೆ ಈ ವಾಚನಭೇದವೇ ಮುಖ್ಯ ಕಾರಣ. ನಿಯಮಬದ್ಧತೆಯನ್ನು ಪರೀಕ್ಷಿಸುವ ಸಾಧನಗಳಿವೆ, ನಿಜ. ಆದರೆ ನಿಯಮಕ್ಕೆ ಪೂರ್ಣವಾಗಿ ಒಪ್ಪಿದ ಕಡತವು ತಪ್ಪಾಗಿ ಮೂಡುವುದೂ, ನಿಯಮದಲ್ಲಿ ನೂರು ದೋಷಗಳಿರುವ ಕಡತವು ನಿರ್ದುಷ್ಟವಾಗಿ ಮೂಡುವುದೂ ಇಲ್ಲಿ ಸಾಮಾನ್ಯ.

ಇಂತಹ ಕಡತಗಳಿಗೆ ತಗಲುವ ರೋಗಗಳಲ್ಲಿ ಕೆಲವು ಪ್ರಸಿದ್ಧವಾದುವು. ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಚೌಕದೊಳಗೆ ತಾನಾಗಿ ಸಾಲು ಮುರಿದುಕೊಳ್ಳುವ ಬರಹವನ್ನು ಇಟ್ಟರೆ, ಅದು ಎಂದೂ ಅಂತಿಮವಾಗದ ಕರಡು ನಿಯಮವೊಂದನ್ನು ಅವಲಂಬಿಸಿದುದಾದ್ದರಿಂದ, ಬರಹವಿರಬೇಕಾದಲ್ಲಿ ಕಪ್ಪು ಚೌಕವೊಂದು ಕಾಣಿಸಿಕೊಳ್ಳುತ್ತದೆ. ಅದನ್ನು ಸಾಧಾರಣ ಬರಹವನ್ನಾಗಿ ಪರಿವರ್ತಿಸಿದರೆ ವಾಸಿಯಾಗುತ್ತದೆ. ಚಿತ್ರದೊಳಗೆ ಫೋಟೋವೊಂದನ್ನು ಹುದುಗಿಸದೆ, ತನ್ನ ಗಣಕದ ಫೋಲ್ಡರಿನ ವಿಳಾಸವನ್ನಷ್ಟೇ ಬರೆದಿಟ್ಟರೆ ಸರ್ವರಿಗೆ ಆ ಫೋಟೋ ದೊರೆಯುವ ಬಗೆಯಿಲ್ಲ. ಆ ಜಾಗ ಬರಿದಾಗುತ್ತದೆ. ನೋಟದ ಚೌಕಟ್ಟನ್ನು ಸರಿಯಾಗಿ ಹೇಳದಿದ್ದರೆ ಚಿತ್ರದ ಒಂದು ಪಾಲು ಕತ್ತರಿಸಿಹೋಗುತ್ತದೆ. ಇವೆಲ್ಲಕ್ಕಿಂತ ನನಗೆ ಹೆಚ್ಚು ಅಸಮಾಧಾನವನ್ನುಂಟುಮಾಡುವುದು ಹುಸಿ ಎಸ್‌ವಿಜಿ: ಚುಕ್ಕಿಗಳ ಚಿತ್ರವೊಂದನ್ನು ಹಾಗೆಯೇ ಎಸ್‌ವಿಜಿಯ ಹೊದಿಕೆಯೊಳಗಿಟ್ಟು ವೆಕ್ಟರ್ ಚಿತ್ರವೆಂದು ಕರೆಯುವುದು. ಅದರಲ್ಲಿ ಹಿಗ್ಗಿಸುವ ಗುಣವೂ ಇಲ್ಲ, ತಿದ್ದುವ ಅವಕಾಶವೂ ಇಲ್ಲ. ಇದ್ದ ಪಿಎನ್‌ಜಿಯೇ ಅದಕ್ಕಿಂತ ಪ್ರಾಮಾಣಿಕವಾದುದು.

ಕಾಣದ ದೋಷವನ್ನು ಹುಡುಕುವ ಕ್ರಮ ಸರಳ, ಆದರೆ ತಾಳ್ಮೆಯನ್ನು ಬೇಡುತ್ತದೆ. ಕಡತದ ಒಂದು ಪ್ರತಿಯನ್ನು ತೆಗೆದುಕೊಂಡು, ಅದರ ಅರ್ಧ ಪಠ್ಯವನ್ನು ಅಳಿಸಿ ನೋಡುವುದು. ದೋಷ ಉಳಿದಿದ್ದರೆ ಅದು ಉಳಿದ ಅರ್ಧದಲ್ಲಿದೆ, ಹೋಗಿದ್ದರೆ ಅಳಿಸಿದ ಅರ್ಧದಲ್ಲಿದೆ. ಹೀಗೆ ಅರ್ಧರ್ಧವಾಗಿ ಕಿರಿದುಗೊಳಿಸುತ್ತ ಹೋದರೆ ಸಾವಿರಾರು ಸಾಲುಗಳ ಕಡತದಲ್ಲಿಯೂ ಅಪರಾಧಿಯಾದ ಒಂದು ಸಾಲು ಬೇಗನೆ ಕೈಗೆ ಸಿಕ್ಕುತ್ತದೆ. ತಿದ್ದಿದುದನ್ನು ಪ್ರಕಟಿಸುವುದಕ್ಕೆ ಮೊದಲು ಸರ್ವರು ಅದನ್ನು ಹೇಗೆ ಮೂಡಿಸೀತೆಂದು ನೋಡಿಕೊಳ್ಳಲು ಪರೀಕ್ಷಾ ಸಾಧನಗಳುಂಟು. ಯಾರು ಬೇಕಾದರೂ ಮೇಲೆ ಬರೆಯಬಹುದಾದ ‘ಟೆಸ್ಟ್.ಎಸ್‌ವಿಜಿ’ ಎಂಬ ಕಡತವೇ ಕಾಮನ್ಸಿನಲ್ಲಿದೆ. ಇಷ್ಟಾದ ಮೇಲೂ ಹಳೆಯ ಚಿತ್ರವೇ ಕಾಣುತ್ತಿದ್ದರೆ ದಿಗಿಲುಪಡಬೇಕಾದುದಿಲ್ಲ. ಹಿಂದೆ ಸಿದ್ಧವಾದ ಪಿಎನ್‌ಜಿ ಸರ್ವರಿನಲ್ಲಿಯೋ ಓದುಗನ ಬ್ರೌಸರಿನಲ್ಲಿಯೋ ದಾಸ್ತಾನಾಗಿರುತ್ತದೆ. ಕಡತದ ಪುಟದಲ್ಲಿ ‘ಪರ್ಜ್’ ಎಂಬ ಆಜ್ಞೆಯನ್ನಿತ್ತು, ಬ್ರೌಸರಿನ ಪುಟವನ್ನು ಪೂರ್ಣವಾಗಿ ಮರುತುಂಬಿಸಿದರೆ ಹೊಸದು ಬರುತ್ತದೆ. ಇದನ್ನರಿಯದೆ ಒಂದೇ ಕಡತವನ್ನು ಮತ್ತೆ ಮತ್ತೆ ಅಪ್‌ಲೋಡ್ ಮಾಡಿ ಇತಿಹಾಸದ ಪಟ್ಟಿಯನ್ನು ನಿಷ್ಕಾರಣವಾಗಿ ಬೆಳೆಸಿದವರು ಬಹಳ ಮಂದಿ.

ಅಕ್ಷರಗಳ ಪ್ರಶ್ನೆಗೆ ಬಂದರೆ ವಿಷಯವು ನಮ್ಮ ಮನೆಯ ಬಾಗಿಲಿಗೇ ಬಂದಂತಾಯಿತು. ಚಿತ್ರಕಾರನು ಬಳಸಿದ ಫಾಂಟ್ ಸರ್ವರಿನಲ್ಲಿ ಇಲ್ಲದಿದ್ದರೆ ಬೇರೊಂದು ಅದರ ಸ್ಥಾನದಲ್ಲಿ ಕುಳಿತುಕೊಳ್ಳುತ್ತದೆ. ಅಕ್ಷರಗಳ ಅಗಲ ಬದಲಾಗಿ ಹೆಸರುಗಳು ಗೆರೆಗಳ ಮೇಲೆ ಹತ್ತುತ್ತವೆ. ಇದಕ್ಕೆ ಅನೇಕರು ಹಿಡಿಯುವ ಮಾರ್ಗ, ಅಕ್ಷರಗಳನ್ನೆಲ್ಲ ರೇಖಾಕೃತಿಗಳಾಗಿ ಮಾರ್ಪಡಿಸಿಬಿಡುವುದು. ಆಗ ನೋಟವೇನೋ ನಿಲ್ಲುತ್ತದೆ, ಆದರೆ ಬರಹವು ಬರಹವಾಗಿ ಉಳಿಯುವುದಿಲ್ಲ. ಅದನ್ನು ಹುಡುಕಲಾಗದು, ತಿದ್ದಲಾಗದು, ಅನುವಾದಿಸಲಾಗದು. ಅನೇಕ ಭಾಷೆಗಳ ಸೇವೆಗೆಂದು ನಿಂತ ಭಂಡಾರದಲ್ಲಿ ಇದು ಸರ್ವಥಾ ತಕ್ಕುದಲ್ಲವೆಂಬುದು ನನ್ನ ನಿಶ್ಚಿತಾಭಿಪ್ರಾಯ. ಕನ್ನಡದ ಮಟ್ಟಿಗೆ ಇನ್ನೂ ಎರಡು ತೊಡಕುಗಳಿವೆ. ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಹೆಸರುಗಳನ್ನು ಟೈಪು ಮಾಡಿದರೆ, ಆ ಫಾಂಟ್ ಇಲ್ಲದ ಸರ್ವರಿನಲ್ಲಿ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರುತ್ತವೆ. ಯೂನಿಕೋಡಿಗೆ ಪರಿವರ್ತಿಸುವುದೊಂದೇ ಅದಕ್ಕೆ ಮದ್ದು. ಎರಡನೆಯದು, ಪಿಡಿಎಫ್‌ನಿಂದ ಎತ್ತಿದ ನಕ್ಷೆಗಳಲ್ಲಿ ಪ್ರತಿಯೊಂದು ಅಕ್ಷರಕ್ಕೂ ಪ್ರತ್ಯೇಕವಾದ ಸ್ಥಾನವನ್ನು ನಿಗದಿಮಾಡಿರುವುದು. ಇಂಗ್ಲಿಷಿಗೆ ಇದರಿಂದ ಅಷ್ಟಾಗಿ ಬಾಧಕವಿಲ್ಲ. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂಬಂತಹ ಪದಗಳಲ್ಲಿ ಮಾತ್ರ ಒತ್ತಕ್ಷರಗಳು ತಮ್ಮ ಮೂಲಾಕ್ಷರಗಳಿಂದ ಅಗಲಿ ಬೀಳುತ್ತವೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯತಕ್ಕವಾದ್ದರಿಂದ, ಇಂಗ್ಲಿಷ್ ಹೆಸರಿಗಾಗಿ ಬಿಟ್ಟ ಜಾಗದಲ್ಲಿ ಕನ್ನಡವನ್ನು ಕೂರಿಸುವವರು ಕೆಳಗೂ ಪಕ್ಕಕ್ಕೂ ಸ್ವಲ್ಪ ಅವಕಾಶವನ್ನು ಮಾಡಿಕೊಳ್ಳಬೇಕಾಗುತ್ತದೆ.

ದೋಷವನ್ನು ಕಂಡುಹಿಡಿಯುವುದು ಈ ವಿದ್ಯೆಯ ಅರ್ಧಭಾಗ ಮಾತ್ರ. ಎಷ್ಟನ್ನು ತಿದ್ದಬೇಕು, ಎಲ್ಲಿ ಕೈ ತಡೆಯಬೇಕು ಎಂಬ ವಿವೇಕವೇ ಉಳಿದರ್ಧ. ಓಲೆಗರಿಯ ಕಾವ್ಯವನ್ನು ಸಂಪಾದಿಸುವ ವಿದ್ವಾಂಸನು ಲಿಪಿಕಾರನ ಸ್ಖಾಲಿತ್ಯವನ್ನು ತಿದ್ದುವನಲ್ಲದೆ ಕವಿಯ ಪದ್ಯವನ್ನು ತನ್ನ ರುಚಿಗೆ ತಕ್ಕಂತೆ ಮಾರ್ಪಡಿಸಲು ಹೋಗುವುದಿಲ್ಲವಷ್ಟೆ. ಹಂಚಿಕೊಂಡ ಕಡತವನ್ನು ಮುಟ್ಟುವವನಿಗೂ ಆ ಸಂಯಮವೇ ಬೇಕು. ಕಾಮನ್ಸಿನ ಪದ್ಧತಿಯೂ ಇದನ್ನೇ ವಿಧಿಸುತ್ತದೆ: ಅಲ್ಪಸ್ವಲ್ಪ ತಿದ್ದುಪಡಿಯಾದರೆ ಅದೇ ಹೆಸರಿನ ಮೇಲೆ ಹೊಸ ಆವೃತ್ತಿಯನ್ನಿಡಬಹುದು, ಗಣನೀಯವಾದ ಬದಲಾವಣೆಯೋ ವಿವಾದಕ್ಕೆ ಎಡೆಯೋ ಇದ್ದರೆ, ಮೂಲಕರ್ತರ ಹೆಸರನ್ನೂ ಆಕರವನ್ನೂ ಸ್ಪಷ್ಟವಾಗಿ ಕಾಣಿಸಿ, ಬೇರೆ ಹೆಸರಿನ ಕಡತವನ್ನಾಗಿಯೇ ಅಪ್‌ಲೋಡ್ ಮಾಡತಕ್ಕದ್ದು. ಕಡತವನ್ನು ಚಿಕ್ಕದಾಗಿಸುವೆನೆಂಬ ಉತ್ಸಾಹದಲ್ಲಿ ಯಂತ್ರದಿಂದ ಸಾಲುಗಳನ್ನೆಲ್ಲ ಒತ್ತಿ, ಅರ್ಥವತ್ತಾದ ಹೆಸರುಗಳನ್ನು ಕಿತ್ತುಹಾಕುವವರು ಕೆಲವು ಕಿಲೋಬೈಟುಗಳನ್ನು ಉಳಿಸಿ, ಮುಂದೆ ಬಂದು ಓದುವವನ ಗಂಟೆಗಳನ್ನು ಕಳೆಯುತ್ತಾರೆ.

ಭೂಪಟಗಳಲ್ಲಿ ಈ ವಿವೇಕ ಚೆನ್ನಾಗಿ ಪರೀಕ್ಷೆಗೊಳಗಾಗುತ್ತದೆ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರವು ಕರ್ನಾಟಕದ 31ನೆಯ ಜಿಲ್ಲೆಯಾಯಿತು. ಹೊಸ ಗಡಿಯನ್ನು ಬರೆಯುವಾಗ ಎರಡು ಜಿಲ್ಲೆಗಳ ಆಕೃತಿಗಳಲ್ಲಿಯೂ ಅದೇ ಬಿಂದುಗಳನ್ನು ಬಳಸದಿದ್ದರೆ ನಡುವೆ ಬಿಳಿಯ ಸೀಳೊಂದು ಕಾಣುತ್ತದೆ. ಇದು ಕೌಶಲದ ಮಾತು. ಆದರೆ ಹಳೆಯ ಪಟದ ಮೇಲೆಯೇ ಹೊಸದನ್ನು ಇಡಬಹುದೆ? 2011ರ ಜನಗಣತಿಯನ್ನು ವಿವರಿಸುವ ಪುಟಕ್ಕೆ 30 ಜಿಲ್ಲೆಗಳ ಪಟವೇ ಬೇಕು. ಅಲ್ಲಿ 31 ಜಿಲ್ಲೆಗಳನ್ನು ತೋರಿಸಿದರೆ ಅಂಕಿಗಳಿಗೂ ಚಿತ್ರಕ್ಕೂ ಹೊಂದಿಕೆ ತಪ್ಪುತ್ತದೆ. ಕಡತವು ಯಾವ ಯಾವ ಪುಟಗಳಲ್ಲಿ ಬಳಕೆಯಾಗಿದೆ ಎಂಬ ಪಟ್ಟಿ ಅದರ ಪುಟದಲ್ಲಿಯೇ ಇರುತ್ತದೆ. ಅದನ್ನು ಓದದೆ ತಿದ್ದಹೊರಡುವುದು ಅವಿಚಾರ.

ಧ್ವಜಗಳ ಬಣ್ಣದ ವಾದಗಳು ಇನ್ನೂ ಕಠಿನ. ನಮ್ಮ ರಾಷ್ಟ್ರಧ್ವಜದ ಬಟ್ಟೆಗೆ ‘ಐಎಸ್ 1’ ಎಂಬ ಮಾನಕವುಂಟು; ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಆ ಮಾನಕಕ್ಕನುಸಾರವಾಗಿಯೇ ಧ್ವಜಗಳನ್ನು ತಯಾರಿಸುತ್ತದೆ. ಆದರೆ ಮಾನಕವು ಹೇಳುವುದು ನಿರ್ದಿಷ್ಟ ಬೆಳಕಿನಲ್ಲಿ ಬಟ್ಟೆಯ ಬಣ್ಣ ಹೇಗಿರಬೇಕೆಂಬುದನ್ನು. ಪರದೆಯಾದರೋ ತಾನೇ ಬೆಳಕನ್ನು ಸೂಸತಕ್ಕದ್ದು. ಬಟ್ಟೆಯ ಕೇಸರಿಯನ್ನು ಪರದೆಯ ಅಂಕಿಗಳಿಗೆ ಇಳಿಸುವ ಮಾರ್ಗ ಒಂದೇ ಅಲ್ಲವಾದುದರಿಂದ, ಭಿನ್ನ ಛಾಯೆಗಳಿಗಾಗಿ ವಾದಿಸುವ ಇಬ್ಬರೂ ಪ್ರಾಮಾಣಿಕರಾಗಿರುವುದು ಸಾಧ್ಯ. ಇಂತಹಲ್ಲಿ ಒಬ್ಬರ ಆವೃತ್ತಿಯನ್ನು ಇನ್ನೊಬ್ಬರು ಅಳಿಸುತ್ತ ಕೂರುವುದಕ್ಕಿಂತ ಚರ್ಚಾಪುಟದಲ್ಲಿ ಆಧಾರವನ್ನು ಮುಂದಿಟ್ಟು ಒಮ್ಮತಕ್ಕೆ ಬರುವುದೇ ಯೋಗ್ಯ. ಬಹಳವಾಗಿ ಬಳಕೆಯಲ್ಲಿರುವ ಕಡತಗಳನ್ನು ನಿರ್ವಾಹಕರು ಬೀಗಹಾಕಿ ರಕ್ಷಿಸುವುದೂ ಈ ಕಾರಣದಿಂದಲೇ.

ಈ ವಿದ್ಯೆಯಲ್ಲಿ ಕನ್ನಡಿಗರು ಒಡನೆಯೇ ಕೈಹಾಕಬಹುದಾದ ಒಂದು ಕಾರ್ಯವಿದೆ. ಎಸ್‌ವಿಜಿಯಲ್ಲಿ ಒಂದೇ ಚಿತ್ರದೊಳಗೆ ಹಲವು ಭಾಷೆಗಳ ಹೆಸರುಗಳನ್ನು ಜೊತೆಯಾಗಿ ಇಡಬಹುದು. ಪುಟವು ಕನ್ನಡವನ್ನು ಕೇಳಿದರೆ ಕನ್ನಡವೂ, ತಮಿಳನ್ನು ಕೇಳಿದರೆ ತಮಿಳೂ ಮೂಡುತ್ತದೆ. ಚಿತ್ರ ಮಾತ್ರ ಒಂದೇ. ಈ ಅನುವಾದಕ್ಕೆಂದೇ ‘ಎಸ್‌ವಿಜಿ ಟ್ರಾನ್ಸ್‌ಲೇಟ್’ ಎಂಬ ಸಾಧನವಿದ್ದು, ಅದು ಚಿತ್ರದ ಹೆಸರುಗಳನ್ನು ಪಟ್ಟಿಯಾಗಿ ಮುಂದಿಡುತ್ತದೆ. ಪಕ್ಕದಲ್ಲಿ ಕನ್ನಡವನ್ನು ಬರೆಯುತ್ತ ಹೋದರಾಯಿತು. ಗೆರೆಯೆಳೆಯುವ ಕೌಶಲ ಬೇಡ, ಕೋಡ್ ಬಲ್ಲವರಾಗಿರಬೇಕಾಗಿಲ್ಲ. ಬೇಕಾದುದು ಹೃತ್ಕರ್ಣ, ಹೃತ್ಕುಕ್ಷಿ, ಪತ್ರಹರಿತ್ತು, ಬಾಷ್ಪೀಭವನ ಎಂಬ ಪದಗಳನ್ನು ಶಾಲೆಯಲ್ಲಿ ದಿನವೂ ಬಳಸುವ ವಿಜ್ಞಾನದ ಉಪಾಧ್ಯಾಯರ ಭಾಷಾಜ್ಞಾನ. ಅಂತಹವರು ತಮ್ಮ ಪಾಠಕ್ಕೆ ಬೇಕಾದ ಒಂದು ಚಿತ್ರವನ್ನಾದರೂ ಆರಿಸಿಕೊಂಡು ಅದರ ಹೆಸರುಗಳನ್ನು ಕನ್ನಡಕ್ಕೆ ತರಬೇಕೆಂದು ನನ್ನ ವಿನಂತಿ. ಖಾತೆ ತೆರೆಯಲು ಶುಲ್ಕವಿಲ್ಲ; ತಿದ್ದುವಾಗ ಮೂಲವು ಹಾಳಾದೀತೆಂಬ ಭಯವೂ ಬೇಡ, ಏಕೆಂದರೆ ಹಿಂದಿನ ಪ್ರತಿಯೊಂದು ಆವೃತ್ತಿಯೂ ಕಡತದ ಪುಟದಲ್ಲಿಯೇ ಉಳಿದಿರುತ್ತದೆ, ಬೇಕಾದಾಗ ಅದನ್ನು ಮರಳಿ ತರಬಹುದು.