ಹಲಗೆಯ ಮೇಲಿಲ್ಲದ ರುಚಿಗಳು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ, ಏಳು ದಶಕಗಳಿಗೂ ಮೀರಿದ ಬಾಳಿನಲ್ಲಿ ಬಹುಪಾಲು ಆ ದೇಶದ ಪಶ್ಚಿಮ ಭಾಗಕ್ಕೇ ಅಂಟಿಕೊಂಡಿರುವ ಇನ್-ಎನ್-ಔಟ್ ಬರ್ಗರ್ ಮಳಿಗೆಗೆ ಮೊದಲ ಸಲ ಕಾಲಿಡುವವರ ಗಮನ ಸೆಳೆಯುವುದು ಗಲ್ಲಾದ ಮೇಲೆ ತೂಗುವ ತಿನಿಸುಪಟ್ಟಿಯ ಪುಟ್ಟ ಗಾತ್ರ. ಹ್ಯಾಂಬರ್ಗರ್, ಚೀಸ್‌ಬರ್ಗರ್, ಎರಡು ಮಾಂಸದ ಬಿಲ್ಲೆಗಳೂ ಎರಡು ಚೀಸ್ ಹಾಳೆಗಳೂ ಇರುವ ಡಬಲ್-ಡಬಲ್, ಆಲೂಗಡ್ಡೆಯ ಫ್ರೈಸ್, ಮಿಲ್ಕ್‌ಶೇಕ್, ಕುಡಿಯಲು ಒಂದಿಷ್ಟು ಪಾನೀಯ ಎಂಬಲ್ಲಿಗೆ ಅದು ಮುಗಿದುಹೋಗುತ್ತದೆ. ಕೋಳಿ ಮೀನುಗಳ ಹೆಸರೇ ಅಲ್ಲಿಲ್ಲ. ಆದರೆ ಅದೇ ಸಾಲಿನಲ್ಲಿ ನಿಂತ ಹಳೆಯ ಗಿರಾಕಿಯ ಬಾಯಲ್ಲಿ ಬರುವ ಹೆಸರುಗಳು ಆ ಹಲಗೆಯ ಮೇಲೆ ಎಲ್ಲಿಯೂ ಕಾಣುವುದಿಲ್ಲ. ಈ ಮಳಿಗೆಯ ಬಗೆಗಿನ ಅಭಿಮಾನಿಗಳ ಅಕ್ಕರೆಯೆಲ್ಲ ಬೇರೂರಿರುವುದು ಬರೆದ ಪಟ್ಟಿಗೂ ಆಡುವ ಮಾತಿಗೂ ನಡುವಿನ ಈ ಅಂತರದಲ್ಲಿಯೇ.

ಹ್ಯಾರಿ ಮತ್ತು ಎಸ್ತರ್ ಸ್ನೈಡರ್ ದಂಪತಿ 1948ರ ಅಕ್ಟೋಬರ್ 22ರಂದು ಲಾಸ್ ಏಂಜಲೀಸಿನ ಸಮೀಪದ ಬಾಲ್ಡ್‌ವಿನ್ ಪಾರ್ಕಿನಲ್ಲಿ ತೆರೆದ ಮೊದಲ ಅಂಗಡಿಯು ಒಂದು ಸಣ್ಣ ಅಡುಗೆಕೋಣೆಯಷ್ಟೇ ಇತ್ತು. ಮಾಂಸ, ತರಕಾರಿಗಳನ್ನು ಆರಿಸಿ ತರಲು ಹ್ಯಾರಿ ನಸುಕಿಗೆ ಮೊದಲೇ ಮಾರುಕಟ್ಟೆಗೆ ಹೋಗುತ್ತಿದ್ದರೆ, ಲೆಕ್ಕಪತ್ರವೆಲ್ಲ ಎಸ್ತರ್ ಅವರ ಕೈಯಲ್ಲಿತ್ತು. ಆ ಕಾಲದ ಇಂತಹ ಉಪಾಹಾರಗೃಹಗಳಲ್ಲಿ ಪರಿಚಾರಕರು ನಿಂತ ಕಾರುಗಳ ಬಳಿಗೇ ತಟ್ಟೆ ಹೊತ್ತು ಹೋಗುವ ರೂಢಿಯಿತ್ತು. ಹ್ಯಾರಿ ಅದನ್ನು ಬಿಟ್ಟು, ಕಾರಿನಲ್ಲಿ ಕುಳಿತವರೂ ಒಳಗೆ ಬೇಯಿಸುವವರೂ ಪರಸ್ಪರ ಮಾತಾಡಬಲ್ಲ ಧ್ವನಿವರ್ಧಕದ ಪೆಟ್ಟಿಗೆಯನ್ನು ಅಳವಡಿಸಿದ್ದರಿಂದ, ಒಂದು ಕಡೆಯಿಂದ ಬಂದು, ಬೇಕಾದುದನ್ನು ಹೇಳಿ, ಪೊಟ್ಟಣ ಹಿಡಿದು ಇನ್ನೊಂದು ಕಡೆಯಿಂದ ಹೊರಡುವುದು ಸಾಧ್ಯವಾಯಿತು. ‘ಒಳಗೆ ಮತ್ತು ಹೊರಗೆ’ ಎಂಬ ಹೆಸರಿನ ಅರ್ಥವೇ ಅದು. ಅದೇ 1948ರಲ್ಲಿ, ಅದೇ ದಕ್ಷಿಣ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಮೆಕ್‌ಡೊನಾಲ್ಡ್ ಸಹೋದರರೂ ತಮ್ಮ ಅಂಗಡಿಯನ್ನು ಹೊಸ ಬಗೆಯ ವೇಗದ ಸೇವೆಗೆ ಒಗ್ಗಿಸಿದರು ಎಂಬುದನ್ನು ನೆನೆದರೆ, ನೆರೆಹೊರೆಯಲ್ಲಿ ಮೊಳೆತ ಎರಡು ಬೀಜಗಳು ಎಷ್ಟು ಬೇರೆ ಬೇರೆಯಾಗಿ ಬೆಳೆದವು ಎಂಬುದು ಮನಸ್ಸಿಗೆ ಬರುತ್ತದೆ.

ಹಲಗೆಯ ಮೇಲಿಲ್ಲದ ಹೆಸರುಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದುದು 1961ರಿಂದ ಬಳಕೆಯಲ್ಲಿರುವ ‘ಅನಿಮಲ್ ಸ್ಟೈಲ್’. ಬೇಯುತ್ತಿರುವ ಬಿಲ್ಲೆಗೆ ಸಾಸಿವೆಯ ಸಾಸ್ ಸವರಿ, ಕಾವಲಿಯ ಮೇಲೆ ಕಂದುಬಣ್ಣಕ್ಕೆ ತಿರುಗಿಸಿದ ಈರುಳ್ಳಿಯನ್ನೂ ಹುಳಿಯಲ್ಲಿ ನೆನೆದ ಸೌತೆಯ ಬಿಲ್ಲೆಗಳನ್ನೂ ಸೇರಿಸಿ, ‘ಸ್ಪ್ರೆಡ್’ ಎಂದು ಕರೆಯುವ ನಸುಗುಲಾಬಿ ಬಣ್ಣದ, ಸಿಹಿಹುಳಿಯ ಸಾಸನ್ನು ತುಸು ಧಾರಾಳವಾಗಿ ಹಚ್ಚುವ ವಿಧಾನವದು. ‘ಪ್ರೋಟೀನ್ ಸ್ಟೈಲ್’ ಎಂದರೆ ಬನ್ ಬದಲಿಗೆ ಲೆಟ್ಯೂಸ್ ಸೊಪ್ಪಿನ ದೊಡ್ಡ ಎಲೆಗಳಲ್ಲಿ ಎಲ್ಲವನ್ನೂ ಸುತ್ತಿಕೊಡುವುದು. ‘ತ್ರೀ ಬೈ ತ್ರೀ’ ಎಂದರೆ ಮೂರು ಬಿಲ್ಲೆ, ಮೂರು ಚೀಸ್. ಬೆಂಗಳೂರಿನ ಹೋಟೆಲುಗಳಲ್ಲಿ ಯಾವ ದರಪಟ್ಟಿಯೂ ಹೇಳದ ‘ಬೈ ಟು’ ಕಾಫಿಯನ್ನು ಮಾಣಿಯು ಮರುಮಾತಿಲ್ಲದೆ ತಂದಿಡುವಂತೆ, ಇಲ್ಲಿಯೂ ಗಿರಾಕಿಗಳ ನುಡಿಗಟ್ಟು ಮಳಿಗೆಯ ಕಾನೂನಾಗಿಬಿಟ್ಟಿದೆ. ಅಲ್ಲಿನ ‘ಬೈ’ ಒಂದನ್ನು ಇಬ್ಬರಿಗೆ ಹಂಚಿದರೆ, ಇಲ್ಲಿನ ‘ಬೈ’ ಒಬ್ಬರಿಗೇ ಹಲವನ್ನು ಪೇರಿಸುತ್ತದೆ. 2004ರಲ್ಲಿ ಲಾಸ್ ವೇಗಸ್ಸಿನ ಮಳಿಗೆಯೊಂದರಲ್ಲಿ ಗೆಳೆಯರ ಗುಂಪೊಂದು ನೂರು ಬಿಲ್ಲೆ, ನೂರು ಚೀಸಿನ ಬರ್ಗರ್ ಮಾಡಿಸಿಕೊಂಡ ಸುದ್ದಿ ಹಬ್ಬಿದ ಮೇಲೆ ನಾಲ್ಕಕ್ಕಿಂತ ಹೆಚ್ಚಿನ ಅಟ್ಟಣೆಗೆ ತಡೆ ಬಿತ್ತು. ಕಂಪನಿಯೇ ಈಗ ಈ ಹೆಸರುಗಳಲ್ಲಿ ಹಲವನ್ನು ‘ಅಷ್ಟೇನೂ ಗುಟ್ಟಲ್ಲದ ಪಟ್ಟಿ’ ಎಂದು ಪ್ರಕಟಿಸಿದೆಯಾದರೂ, ಅವು ಇನ್ನೂ ಗಲ್ಲಾದ ಮೇಲಿನ ಹಲಗೆಯನ್ನು ಏರಿಲ್ಲ. ಏರದಿರುವುದೇ ಸರಿ; ಗೆಳೆಯರಿಂದ ಗೆಳೆಯರಿಗೆ ದಾಟಿಸುವ ಸಂತೋಷ ಅದರಿಂದಲೇ ಉಳಿದಿದೆ.

ಅಭಿಮಾನಿಗಳೊಳಗೇ ಜಗಳ ಹುಟ್ಟಿಸುವ ತಿನಿಸೆಂದರೆ ಫ್ರೈಸ್. ಬೇರೆ ಸರಪಳಿಗಳ ಫ್ರೈಸ್ ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಒಮ್ಮೆ ಅರೆಬೆಂದು, ಹೆಪ್ಪುಗಟ್ಟಿ, ಮಳಿಗೆಯಲ್ಲಿ ಎರಡನೆಯ ಸಲ ಎಣ್ಣೆಗೆ ಬೀಳುವುದರಿಂದ ಅವುಗಳ ಹೊರಮೈ ಗರಿಗರಿಯಾಗುತ್ತದೆ. ಇಲ್ಲಿ ಇಡೀ ಆಲೂಗಡ್ಡೆಯನ್ನು ಗಿರಾಕಿಗಳ ಕಣ್ಣೆದುರೇ ಕತ್ತರಿಸಿ, ಸೂರ್ಯಕಾಂತಿ ಎಣ್ಣೆಯಲ್ಲಿ ಒಂದೇ ಸಲ ಕರಿಯುವುದರಿಂದ, ಒಳಗಿನ ನೀರಿನಂಶ ಹೊರಬಂದು ಅವು ಬೇಗನೆ ಮೆತ್ತಗಾಗುತ್ತವೆ. ತಾಜಾತನಕ್ಕೆ ತೆರುವ ಬೆಲೆ ಇದು ಎಂಬುದು ನಿಜವಾದರೂ, ಮಳಿಗೆಯ ಅತ್ಯಂತ ದುರ್ಬಲ ತಿನಿಸು ಇದೇ ಎಂದು ಒಪ್ಪಿಕೊಳ್ಳುವುದು ಅಭಿಮಾನಕ್ಕೆ ಕುಂದಲ್ಲ. ಬಲ್ಲವರು ‘ವೆಲ್ ಡನ್’ ಎಂದು ಹೇಳಿ ಇನ್ನಷ್ಟು ಹೊತ್ತು ಕರಿಸಿಕೊಳ್ಳುತ್ತಾರೆ. ಅಂದರೆ ಕೊರತೆಗೂ ಪರಿಹಾರ ಸಿಗುವುದು ಆ ಬರೆಯದ ಪಟ್ಟಿಯಲ್ಲಿಯೇ.

ಹೆಸರು ಮತ್ತು ಪಾಕವಿಧಾನವನ್ನು ಶುಲ್ಕ ಪಡೆದು ಬೇರೆಯವರಿಗೆ ಬಳಸಲು ಕೊಡುವ ಫ್ರಾಂಚೈಸಿ ಪದ್ಧತಿಯನ್ನು ಸ್ನೈಡರ್ ಕುಟುಂಬ ಎಂದೂ ಒಪ್ಪಲಿಲ್ಲ. ಹ್ಯಾರಿ 1976ರಲ್ಲಿ ತೀರಿಕೊಂಡಾಗ ಇದ್ದ ಮಳಿಗೆಗಳು 18. ಕ್ಯಾಲಿಫೋರ್ನಿಯಾದ ಗಡಿ ದಾಟಲು 1992ರವರೆಗೆ ಕಾಯಬೇಕಾಯಿತು. ಮಾಂಸವನ್ನು ಹೆಪ್ಪುಗಟ್ಟಿಸದೆ ಸಾಗಿಸುವುದರಿಂದ, ಬಿಲ್ಲೆ ತಯಾರಾಗುವ ಕೇಂದ್ರದಿಂದ ಒಂದು ದಿನದ ಲಾರಿಪಯಣದಾಚೆ ಮಳಿಗೆ ತೆರೆಯುವಂತಿಲ್ಲ ಎಂಬುದು ಈ ನಿಧಾನಕ್ಕೆ ಮುಖ್ಯ ಕಾರಣ. 2011ರಲ್ಲಿ ಟೆಕ್ಸಸ್ ತಲುಪುವಾಗಲೂ, 2020ರಲ್ಲಿ ಕೊಲೊರಾಡೋ ತಲುಪುವಾಗಲೂ ಅಲ್ಲಲ್ಲಿಗೇ ಅಂತಹ ಕೇಂದ್ರಗಳು ಬರಬೇಕಾಯಿತು. ಸಂಸ್ಥಾಪಕರ ಮೊಮ್ಮಗಳು ಲಿನ್ಸಿ ಸ್ನೈಡರ್ 2010ರಿಂದ ಅಧ್ಯಕ್ಷೆಯಾಗಿದ್ದಾರೆ.

ಹಲವು ಮಳಿಗೆಗಳ ಮುಂದೆ ಎರಡು ತಾಳೆಮರಗಳು ಕತ್ತರಿಯಂತೆ ಅಡ್ಡಹಾಯ್ದು ಬೆಳೆದಿರುವುದನ್ನು ಕಾಣಬಹುದು. ನಾಲ್ಕು ತಾಳೆಮರಗಳ ಕೆಳಗೆ ಹೂತ ಹಣಕ್ಕಾಗಿ ಜನರೆಲ್ಲ ಓಡಾಡುವ ‘ಇಟ್ಸ್ ಎ ಮ್ಯಾಡ್, ಮ್ಯಾಡ್, ಮ್ಯಾಡ್, ಮ್ಯಾಡ್ ವರ್ಲ್ಡ್’ ಎಂಬ 1963ರ ಹಾಸ್ಯಚಿತ್ರ ಹ್ಯಾರಿಗೆ ಬಹಳ ಪ್ರಿಯವಾಗಿತ್ತು, ಅದರಿಂದಲೇ ಈ ಮರಗಳು ಬಂದವು. ನಿಧಿ ಇಲ್ಲಿದೆ ಎಂಬ ಗುರುತು ಅದು. ಪಾನೀಯದ ಲೋಟದ ತಳದಲ್ಲಿ ‘ಯೋಹಾನ 3:16’ ಎಂಬಂತೆ ಬೈಬಲ್ಲಿನ ಅಧ್ಯಾಯ, ವಚನಗಳ ಸಂಖ್ಯೆಯನ್ನು ಸಣ್ಣಕ್ಷರದಲ್ಲಿ ಮುದ್ರಿಸುವ ರೂಢಿ ಮಗ ರಿಚ್ ಸ್ನೈಡರ್ ಕಾಲದಲ್ಲಿ ಆರಂಭವಾಯಿತು. ಅದನ್ನು ಗಮನಿಸದೆಯೇ ವರ್ಷಗಟ್ಟಲೆ ಕುಡಿದವರೂ ಇದ್ದಾರೆ.

ಸ್ಯಾನ್ ಹೋಸೆ, ಫ್ರೀಮಾಂಟ್ ಮೊದಲಾದ ಊರುಗಳಲ್ಲಿ ನೆಲಸಿದ ಕನ್ನಡಿಗರಲ್ಲಿ ಸಸ್ಯಾಹಾರಿಗಳಿಗೆ ಹಲಗೆಯ ಮೇಲೆ ಒಂದೂ ಬರ್ಗರ್ ಇಲ್ಲ. ಅವರ ನೆರವಿಗೆ ಬರುವುದು ಮಾಂಸವಿಲ್ಲದೆ ಎರಡು ಚೀಸ್ ಹಾಳೆ, ಟೊಮೇಟೊ, ಲೆಟ್ಯೂಸ್ ಇಟ್ಟು ಕೊಡುವ ‘ಗ್ರಿಲ್ಡ್ ಚೀಸ್’. ಸ್ಪ್ರೆಡ್‌ನಲ್ಲಿ ಮೊಟ್ಟೆ ಇರುವುದರಿಂದ ಮೊಟ್ಟೆ ತಿನ್ನದವರು ಅದನ್ನು ಬೇಡವೆನ್ನಬೇಕು. ಮಾಂಸ ಬೇಯುವ ಕಾವಲಿಯ ಈರುಳ್ಳಿಯ ಬದಲು ಹಸಿ ಈರುಳ್ಳಿ ಹಾಕಿಸಿಕೊಳ್ಳಬೇಕು. ಅಷ್ಟಾದ ಮೇಲೂ ಬರ್ಗರ್ ಸಪ್ಪೆಯೆನಿಸಿದರೆ, ಕೇಳಿದವರಿಗೆ ಹಣವಿಲ್ಲದೆ ಕೊಡುವ ಹಳದಿ ಮೆಣಸಿನಕಾಯಿಯ ಉಪ್ಪಿನಕಾಯಿಯಿದೆ. ‘ಚಾಪ್ಡ್ ಚಿಲ್ಲೀಸ್’ ಎಂದರೆ ಅದನ್ನೇ ಸಣ್ಣಗೆ ಹೆಚ್ಚಿ ಬನ್ನಿನೊಳಗೆ ಸೇರಿಸಿಕೊಡುತ್ತಾರೆ.