ಕೂಸಿನ ಗಾಡಿ: ಹಗುರವೊಂದೇ ಸಾಲದು

ಕುಬಸದ ಉಡುಗೊರೆಗಳ ಸಾಲಿಗೆ ನಮ್ಮ ಕಡೆ ಈಗ ಸ್ಟ್ರಾಲರ್ ಕೂಡ ಬಂದು ಸೇರಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ತೊಟ್ಟಿಲು ತವರಿನವರದಾದರೆ, ಈ ತಳ್ಳುವ ಗಾಡಿ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಸೋದರಮಾವನ ಉಮೇದು. ಮೊಬೈಲಿನಲ್ಲಿ ಚಿತ್ರ ನೋಡುತ್ತಾನೆ, ‘ಭಾಳ ಹಗುರ ಐತಕ್ಕ, ಒಂದ ಕೈಲೆ ಮಡಚಬೌದು’ ಅನ್ನುತ್ತಾನೆ, ಆರ್ಡರ್ ಮಾಡಿಬಿಡುತ್ತಾನೆ. ಆ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಈ ಗಾಡಿಯ ಸುತ್ತ ಬೆಳೆದಿರುವ ಕೆಲವು ನಂಬಿಕೆಗಳು ನೇರವಾಗಿ ಮಗುವಿನ ಉಸಿರಿಗೆ, ಕುತ್ತಿಗೆಗೆ, ಬೆರಳಿಗೆ ಸಂಬಂಧಪಟ್ಟವು. ಹೆರಿಗೆಗೆ ಮುಂಚೆಯೇ ಅವನ್ನು ಬಿಡಿಸಿ ನೋಡುವುದು ಒಳ್ಳೆಯದು.

ನಂಬಿಕೆ: ಎಷ್ಟು ಹಗುರವೋ ಅಷ್ಟು ಒಳ್ಳೆಯದು

ಮಡಚುವ ಹಗುರ ಗಾಡಿಯನ್ನು ಮೊದಲು ರೂಪಿಸಿದವರು ಇಂಗ್ಲೆಂಡಿನ ಓವನ್ ಮೆಕ್ಲಾರೆನ್. ಅವರು ವಿಮಾನಗಳ ಎಂಜಿನಿಯರ್. ಸ್ಪಿಟ್‌ಫೈರ್ ಯುದ್ಧವಿಮಾನದ ಗಾಲಿಗಳ ವ್ಯವಸ್ಥೆಯ ಮೇಲೆ ಕೆಲಸ ಮಾಡಿದ್ದವರು. ಮೊಮ್ಮಗುವಿನ ಜೊತೆ ಭಾರದ ಗಾಡಿಯನ್ನೂ ಹೊತ್ತು ವಿಮಾನದಲ್ಲಿ ಬಂದ ಮಗಳ ಪಾಡು ನೋಡಿ, ಅಲ್ಯೂಮಿನಿಯಂ ಕೊಳವೆಗಳಿಂದ ಮೂರು ಕಿಲೋಗೂ ಕಡಿಮೆ ತೂಕದ, ಕೊಡೆಯ ಹಾಗೆ ಮಡಚುವ ಗಾಡಿಯನ್ನು 1965ರಲ್ಲಿ ರೂಪಿಸಿದರು. ಅಂದರೆ ಹಗುರತನ ಹುಟ್ಟಿದ್ದು ಎತ್ತಿ ಒಯ್ಯುವವರ ಅನುಕೂಲಕ್ಕೆ, ಓಡಬೇಕಾದದ್ದು ನುಣುಪಾದ ಕಾಲುದಾರಿಯ ಮೇಲೆ.

ನಮ್ಮ ಓಣಿಯಲ್ಲಿ ಅದೇ ಗಾಡಿ ತಳ್ಳಿ ನೋಡಿ. ಮನೆ ಮುಂದಿನ ಚರಂಡಿಗೆ ಹಾಸಿದ ಎರಡು ಚಪ್ಪಡಿಗಳ ನಡುವೆ ನಾಲ್ಕು ಬೆರಳಿನ ಸಂದು ಇರುತ್ತದೆ. ಹಗುರ ಗಾಡಿಯ ಮುಂದಿನ ಗಾಲಿ ಅಂಗೈ ಅಗಲದ್ದು, ಸಾಲದ್ದಕ್ಕೆ ಸುತ್ತಲೂ ತಿರುಗುವಂಥದ್ದು. ಅದು ಸಂದಿಗೆ ಇಳಿದು ಅಡ್ಡ ತಿರುಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ತಳ್ಳುತ್ತಿರುವವರಿಗೆ ಅದು ಕಾಣುವುದಿಲ್ಲ. ಅವರು ಇನ್ನಷ್ಟು ತಳ್ಳುತ್ತಾರೆ, ಗಾಡಿ ಮುಂದಕ್ಕೆ ಮುಗ್ಗರಿಸುತ್ತದೆ. ಪಟ್ಟಿ ಕಟ್ಟಿರದಿದ್ದರೆ ಮಗು ಗಾಡಿಯಿಂದ ಆಚೆಗೆ. ಗಾಲಿ ದೊಡ್ಡದಾದಷ್ಟೂ ಹಳ್ಳ, ಕಲ್ಲು ದಾಟುವುದು ಸಲೀಸು.

ಇನ್ನೊಂದು ಅಪಾಯ ಸಂತೆಯ ದಿನ. ನಾಲ್ಕು ಕಿಲೋ ತರಕಾರಿಯ ಚೀಲವನ್ನು ಹಿಡಿಕೆಗೆ ನೇತುಹಾಕುವುದು ಎಲ್ಲರ ರೂಢಿ. ಹಿಡಿಕೆ ಇರುವುದು ಹಿಂದಿನ ಗಾಲಿಗಳಿಗಿಂತ ಹಿಂದೆ, ಮಗು ಇರುವುದು ಮುಂದೆ. ಗಾಡಿ ಐದಾರು ಕಿಲೋ ಇದ್ದಾಗ ಆ ಚೀಲದ ಭಾರವೇ ಮೇಲಾಗುತ್ತದೆ. ಮಗು ಹಿಂದಕ್ಕೆ ಒರಗಿದರೆ ಸಾಕು, ಮುಂದಿನ ಗಾಲಿ ನೆಲ ಬಿಟ್ಟು ಏಳುತ್ತದೆ. ಭಾರದ ಗಾಡಿ ಇದನ್ನು ಒಂದಿಷ್ಟು ತಡೆಯುತ್ತದೆ, ಹಗುರದ್ದು ತಡೆಯುವುದಿಲ್ಲ. ಚೀಲದ ಜಾಗ ಸೀಟಿನ ಕೆಳಗಿನ ಬುಟ್ಟಿ. ಬುಟ್ಟಿ ಇಲ್ಲದಿದ್ದರೆ ನಿಮ್ಮ ಹೆಗಲು.

ಹಾಗಾದರೆ ಹಗುರದ್ದು ಬೇಡವೇ? ಬೇಕು. ಮಹಡಿ ಮೆಟ್ಟಿಲು ಹತ್ತುವವರಿಗೆ, ಹೊಸಪೇಟೆ ಬಸ್ಸಿಗೆ ಏರುವವರಿಗೆ ಹಗುರವೇ ಬೇಕು. ಆದರೆ ತೂಕ ಕೇಳಬೇಕಾದದ್ದು ಕಡೆಗೆ. ಮೊದಲು ನೋಡಬೇಕಾದದ್ದು ಬೆನ್ನಿನ ಭಾಗ ಎಷ್ಟು ಮಲಗುತ್ತದೆ, ಪಟ್ಟಿ ಐದು ಕಡೆ ಬಿಗಿಯುತ್ತದೆಯೇ, ಗಾಲಿ ಎಷ್ಟು ದೊಡ್ಡದು, ಬ್ರೇಕ್ ಹಾಕಿ ತಳ್ಳಿದರೆ ಜರುಗುತ್ತದೆಯೇ ಎಂಬುದು. ವಿಮಾನದಲ್ಲಿ ತಲೆಯ ಮೇಲಿನ ಗೂಡಿಗೆ ಹಿಡಿಸುತ್ತದೆ ಎಂಬ ಗುಣಕ್ಕೆ ಹೆಚ್ಚು ಹಣ ಕೊಡುವ ಮುಂಚೆ, ಈ ಮಗು ಮುಂದಿನ ಎರಡು ವರ್ಷ ಓಡಾಡುವುದು ಬಸ್ಸಿನಲ್ಲೋ ವಿಮಾನದಲ್ಲೋ ಎಂದು ಕೇಳಿಕೊಳ್ಳಿ.

ನಂಬಿಕೆ: ಹುಟ್ಟಿದ ದಿನದಿಂದಲೇ ಕೂರಿಸಬಹುದು

ಇದು ಎಲ್ಲಕ್ಕಿಂತ ಅಪಾಯದ ನಂಬಿಕೆ. ಹಸುಗೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಭಾರದ್ದು. ಕುತ್ತಿಗೆಯ ಸ್ನಾಯು ಇನ್ನೂ ಬಲಿತಿರುವುದಿಲ್ಲ. ಅರೆ ಕುಳಿತ ಭಂಗಿಯಲ್ಲಿ ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ತಾಗುತ್ತದೆ. ಆಗ ಮೆತ್ತನೆಯ ಉಸಿರುದಾರಿ ಮಡಚಿ ಕಿರಿದಾಗುತ್ತದೆ. ದೊಡ್ಡವರಾದರೆ ತಲೆ ಎತ್ತಿಕೊಳ್ಳುತ್ತಾರೆ. ಕೂಸಿಗೆ ಅದು ಆಗದು, ಅಳಲೂ ಆಗದು. ನೋಡಿದವರಿಗೆ ನಿದ್ದೆ ಮಾಡುತ್ತಿದೆ ಎನಿಸುತ್ತದೆ.

ಮಕ್ಕಳ ಕುತ್ತಿಗೆ ನಿಲ್ಲುವುದು ಸುಮಾರು ನಾಲ್ಕನೇ ತಿಂಗಳಿಗೆ, ಆಸರೆಯಿಲ್ಲದೆ ಕೂರುವುದು ಆರನೇ ತಿಂಗಳ ಹೊತ್ತಿಗೆ. ಜೋಲು ಬಟ್ಟೆಯ ಸೀಟಿನ, ಕೊಡೆಯಂತೆ ಮಡಚುವ ಗಾಡಿ ಅಲ್ಲಿಯವರೆಗೆ ಮಗುವಿನದಲ್ಲ. ಅದಕ್ಕೂ ಮುಂಚೆ ಬಳಸಲೇಬೇಕೆಂದರೆ ಬೆನ್ನು ಪೂರ್ತಿ ಸಪಾಟಾಗಿ ಮಲಗುವ ಗಾಡಿಯೇ ಆಗಬೇಕು. ಅದನ್ನು ಡಬ್ಬದ ಮೇಲಿನ ಚಿತ್ರ ನಂಬಿ ಒಪ್ಪಬೇಡಿ. ಅಂಗಡಿಯಲ್ಲೇ ಮಲಗಿಸಿ ಅಂಗೈ ಇಟ್ಟು ನೋಡಿ. ದಿನ ತುಂಬುವ ಮುಂಚೆ ಹುಟ್ಟಿದ, ತೂಕ ಕಡಿಮೆ ಇರುವ ಮಗುವಾದರೆ ಮಕ್ಕಳ ಡಾಕ್ಟರನ್ನು ಕೇಳದೆ ಯಾವ ಗಾಡಿಯೂ ಬೇಡ.

ನಮ್ಮ ಕಡೆ ಇದಕ್ಕೆ ಒಂದು ಅನುಕೂಲವೂ ಇದೆ. ತವರಿನ ಬಾಣಂತನ ಮೂರರಿಂದ ಐದು ತಿಂಗಳು. ಕೂಸು ಆವರೆಗೆ ಹೊಸ್ತಿಲು ದಾಟುವುದೇ ಅಪರೂಪ. ಗಾಡಿಯ ಅಗತ್ಯ ಬೀಳುವ ಹೊತ್ತಿಗೆ ಬಹುಮಟ್ಟಿಗೆ ಕುತ್ತಿಗೆ ನಿಂತಿರುತ್ತದೆ.

ನಂಬಿಕೆ: ಗಾಡಿಯಲ್ಲೇ ನಿದ್ದೆ ಹೋದರೆ ಮಲಗಲಿ ಬಿಡಿ

ತಳ್ಳುವಾಗ ಕಣ್ಣು ಮುಚ್ಚಿದರೆ ತಪ್ಪಲ್ಲ. ಮನೆಗೆ ಬಂದ ಮೇಲೆ ಪಡಸಾಲೆಯ ಮೂಲೆಯಲ್ಲಿ ಗಾಡಿ ನಿಲ್ಲಿಸಿ ಅಡುಗೆಮನೆಗೆ ಹೋಗುವುದು ತಪ್ಪು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಪರಿಷ್ಕರಿಸಿದ ಸಲಹೆಯಲ್ಲೂ ಇದು ಸ್ಪಷ್ಟ: ಸ್ಟ್ರಾಲರ್, ಕಾರ್ ಸೀಟ್, ಉಯ್ಯಾಲೆ ಕುರ್ಚಿ, ಇವು ದಿನನಿತ್ಯದ ನಿದ್ದೆಯ ಜಾಗಗಳಲ್ಲ, ನಾಲ್ಕು ತಿಂಗಳೊಳಗಿನ ಮಗುವಿಗಂತೂ ಅಲ್ಲವೇ ಅಲ್ಲ. ಕೂಸು ಮಲಗಬೇಕಾದದ್ದು ಅಂಗಾತ, ಗಟ್ಟಿ ಸಪಾಟು ಹಾಸಿಗೆಯ ಮೇಲೆ.

ತಳ ಸಪಾಟಾಗಿರುವ ಮರದ ತೊಟ್ಟಿಲು ಈ ಲೆಕ್ಕದಲ್ಲಿ ಸ್ಟ್ರಾಲರಿಗಿಂತ ಮೇಲು. ಆದರೆ ಅದರೊಳಗೆ ದಿಂಬು, ಮಡಚಿದ ಕೌದಿ, ಗೊಂಬೆ ತುಂಬಬಾರದು. ಸೀರೆಯ ಜೋಲಿಯ ಬಗ್ಗೆಯೂ ಮುಚ್ಚಿಟ್ಟು ಹೇಳಲಾರೆ: ಅದು ಎಳೆಗೂಸಿನ ಬೆನ್ನನ್ನು ಬಾಗಿಸಿ ಗದ್ದವನ್ನು ಎದೆಗೆ ತರುತ್ತದೆ. ಸ್ಟ್ರಾಲರಿನ ದೋಷವೇ ಜೋಲಿಯ ದೋಷ. ಅಜ್ಜಿಯರಿಗೆ ಇದನ್ನು ಹೇಳುವುದು ಕಷ್ಟ, ಹೇಳಲೇಬೇಕು.

ನಂಬಿಕೆ: ಬಿಸಿಲಿಗೆ ಬಟ್ಟೆ ಮುಚ್ಚಿದರೆ ಒಳಗೆ ತಂಪು

ಮಾರ್ಚ್ ಕಳೆಯಿತೆಂದರೆ ನಮ್ಮ ತಾಲೂಕುಗಳಲ್ಲಿ ಬಿಸಿಲು 40 ಡಿಗ್ರಿಯ ಸುತ್ತಮುತ್ತ. ಗಾಡಿಯ ಮುಂಭಾಗಕ್ಕೆ ತೆಳು ಸೀರೆಯನ್ನೋ ಟವೆಲನ್ನೋ ಇಳಿಬಿಟ್ಟು ಬಸ್ ನಿಲ್ದಾಣದಲ್ಲಿ ಕಾಯುವವರನ್ನು ನೋಡುತ್ತೇವೆ. ಮುಖಕ್ಕೆ ಬಿಸಿಲು ತಾಗದಿರಲಿ ಎಂಬ ಕಾಳಜಿ ಅದು. ಆಗುವುದು ಬೇರೆಯೇ. ಗಾಳಿಯಾಡುವ ದಾರಿ ಮುಚ್ಚುತ್ತದೆ. ಮಗುವಿನ ಮೈಶಾಖ, ಉಸಿರಿನ ತೇವ, ಬಟ್ಟೆ ಹೀರಿದ ಬಿಸಿ ಮೂರೂ ಒಳಗೇ ಉಳಿಯುತ್ತವೆ. ಸ್ವೀಡನ್ನಿನ ಪತ್ರಿಕೆಯೊಂದು 2014ರಲ್ಲಿ ಮಾಡಿಸಿದ ಪರೀಕ್ಷೆಯಲ್ಲಿ 22 ಡಿಗ್ರಿ ಇದ್ದ ಗಾಡಿಯೊಳಗಿನ ಶಾಖ ತೆಳು ಬಟ್ಟೆ ಹೊದಿಸಿದ ಅರ್ಧ ಗಂಟೆಯಲ್ಲಿ 34 ಡಿಗ್ರಿಗೆ ಏರಿತ್ತು. ಅದು ತಂಪು ದೇಶದ ಬೇಸಿಗೆ. ಹರಪನಹಳ್ಳಿಯ ಏಪ್ರಿಲ್ ಮಧ್ಯಾಹ್ನ 40ರಿಂದಲೇ ಶುರುವಾಗುತ್ತದೆ.

2023ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು ಇದನ್ನೇ ಮತ್ತೆ ಅಳೆದರು. ಒಣ ಬಟ್ಟೆ ಮುಚ್ಚಿದರೆ ಒಳಗಿನ ಶಾಖ ಎರಡೂವರೆ ಡಿಗ್ರಿಗೂ ಹೆಚ್ಚು ಏರಿತು. ಒದ್ದೆ ಮಾಡಿದ ತೆಳು ಬಟ್ಟೆ ಹೊದಿಸಿ ಚಿಕ್ಕ ಫ್ಯಾನ್ ಇಟ್ಟಾಗ ನಾಲ್ಕೂವರೆ ಡಿಗ್ರಿಗೂ ಹೆಚ್ಚು ಇಳಿಯಿತು. ಒದ್ದೆ ಬಟ್ಟೆ ತಂಪಾಗುವುದು ನೀರು ಆರಿದಂತೆ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಮತ್ತೆ ನೀರು ಚಿಮುಕಿಸದಿದ್ದರೆ ಅದೂ ಒಣ ಬಟ್ಟೆಯೇ. ಗಾಡಿ ಕೊಳ್ಳುವಾಗ ದೊಡ್ಡ ಚಾವಣಿ, ಅದರ ಹಿಂಬದಿಯಲ್ಲಿ ಜಾಲರಿ ಕಿಟಕಿ ಇರುವುದನ್ನು ನೋಡಿ. ಸೊಳ್ಳೆಪರದೆಯ ಜಾಲರಿ ಪರವಾಗಿಲ್ಲ, ಗಾಳಿ ಆಡುತ್ತದೆ. ಹನ್ನೊಂದರಿಂದ ನಾಲ್ಕರವರೆಗೆ ಎಳೆಮಗುವನ್ನು ಹೊರಗೆ ಒಯ್ಯದಿರುವುದು ಇವೆಲ್ಲಕ್ಕಿಂತ ಮೇಲಿನ ಉಪಾಯ.

ನಂಬಿಕೆ: ಸಂಜೆ ರಸ್ತೆ ಬದಿ ತಳ್ಳಿದರೆ ಒಳ್ಳೆಯ ಗಾಳಿ

ಗಾಡಿಯಲ್ಲಿರುವ ಮಗುವಿನ ಮೂಗು ವಾಹನಗಳ ಹೊಗೆಕೊಳವೆಯ ಎತ್ತರಕ್ಕೆ ಹತ್ತಿರ. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದ 2020ರ ಅಧ್ಯಯನದ ಪ್ರಕಾರ ತಳ್ಳುವವರಿಗಿಂತ ಶೇ 44ರವರೆಗೆ ಹೆಚ್ಚು ಮಾಲಿನ್ಯ ಗಾಡಿಯ ಮಗುವಿಗೆ ತಗುಲುತ್ತದೆ. ಕೂಡ್ಲಿಗಿಯವರು ಹೆದ್ದಾರಿಯ ದಿಕ್ಕು ಬಿಟ್ಟು ಶಾಲೆಯ ಮೈದಾನಕ್ಕೆ ಹೋಗಲಿ.

ನಂಬಿಕೆ: ಗಾಡಿ ಇದ್ದರೆ ಜಾತ್ರೆಗೂ ಒಯ್ಯಬಹುದು

ಕೊಟ್ಟೂರೇಶ್ವರನ ತೇರು, ಮೈಲಾರದ ಕಾರ್ಣಿಕ: ಇವೆರಡಕ್ಕೂ ಗಾಡಿ ಬೇಡವೇ ಬೇಡ. ಜನರ ಮೊಣಕಾಲಿನ ಎತ್ತರದಲ್ಲಿರುವ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ತೇರು ಸಾಗುತ್ತಿದ್ದಾಗಲೇ ಉರುಳಿದ್ದು ಈ ಭಾಗದವರಿಗೆ ಮರೆತಿಲ್ಲ. ಅಂಥ ನೂಕುನುಗ್ಗಲಿನಲ್ಲಿ ಐದು ಕೊಂಡಿಯ ಪಟ್ಟಿ ಬಿಚ್ಚುತ್ತಾ ನಿಲ್ಲಲು ಆಗದು. ಕುತ್ತಿಗೆ ನಿಂತ ಮಗುವಿಗೆ ಜಾತ್ರೆಯಲ್ಲಿ ತಾಯಿಯ ಬಗಲೇ ಸರಿ. ಎಳೆಗೂಸಿಗೆ ಮನೆಯೇ ಸರಿ.

ಊರಿಂದ ಊರಿಗೆ ಹೋಗುವುದಕ್ಕೂ ಸ್ಟ್ರಾಲರ್ ಉತ್ತರವಲ್ಲ, ನಮ್ಮಲ್ಲಿ ಬಹಳ ಮಕ್ಕಳು ಓಡಾಡುವುದು ಬೈಕಿನ ಮೇಲೆ. ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲಿ ಹೊರಡಿಸಿದ ನಿಯಮದ ಪ್ರಕಾರ ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನಿಗೆ ಸೇರಿಸಿ ಕಟ್ಟುವ ಸುರಕ್ಷಾ ಪಟ್ಟಿ ಇರಬೇಕು, ಒಂಬತ್ತು ತಿಂಗಳು ದಾಟಿದ ಮಗುವಿಗೆ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಸ್ಟ್ರಾಲರಿಗೆ ಸಾವಿರಗಟ್ಟಲೆ ಸುರಿಯುವ ಮನೆಯಲ್ಲಿ ಈ ಪಟ್ಟಿ ಇರುವುದಿಲ್ಲ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ.

ನಂಬಿಕೆ: ಜೊತೆಗೆ ವಾಕರ್ ತಂದರೆ ಮಗು ಬೇಗ ನಡೆಯುತ್ತದೆ

ಸ್ಟ್ರಾಲರ್ ಕೊಂಡ ಅಂಗಡಿಯಲ್ಲೇ ಇದನ್ನೂ ತೋರಿಸುತ್ತಾರೆ: ಸುತ್ತ ಗಾಲಿ, ನಡುವೆ ಮಗು ಕೂರುವ ಸೀಟು. ಬೇಗ ನಡೆಸುವುದಿಲ್ಲ, ತಡವಾಗಿಸುವುದೇ ಹೆಚ್ಚು. ಮಗು ತುದಿಗಾಲಲ್ಲಿ ದೂಡಿಕೊಳ್ಳುತ್ತದೆಯೇ ಹೊರತು ಮೈ ಸಮತೋಲ ಕಲಿಯುವುದಿಲ್ಲ. ಕೆನಡಾ 2004ರಲ್ಲಿ ಇದರ ಮಾರಾಟವನ್ನೇ ನಿಷೇಧಿಸಿತು. ಅಮೆರಿಕದಲ್ಲಿ 1990ರಿಂದ 2014ರವರೆಗೆ ವಾಕರ್‌ನಿಂದ ಗಾಯಗೊಂಡು ತುರ್ತು ಚಿಕಿತ್ಸೆಗೆ ಬಂದ ಎಳೆಮಕ್ಕಳು 2 ಲಕ್ಷ 30 ಸಾವಿರಕ್ಕೂ ಹೆಚ್ಚು. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಪೆಟ್ಟು ತಲೆಗೆ ಅಥವಾ ಕುತ್ತಿಗೆಗೆ. ಕಟ್ಟೆ, ಮೆಟ್ಟಿಲು, ಎತ್ತರದ ಹೊಸ್ತಿಲು ಇರುವ ನಮ್ಮ ಮನೆಗಳಿಗೆ ಇದು ಬರಲೇಬಾರದು. ಮಗು ತಾನೇ ಎದ್ದು ನಿಂತು, ಹಿಂದೆ ನಿಂತು ತಳ್ಳುವ ಹಳೆಯ ಮೂರು ಗಾಲಿಯ ಮರದ ಗಾಡಿಯೇ ಬೇರೆ; ಅದರಲ್ಲಿ ಮೈಭಾರ ಮಗುವಿನ ಕಾಲಿನ ಮೇಲೇ ಇರುತ್ತದೆ.

ನಂಬಿಕೆ: ಇನ್ನೊಬ್ಬರು ಬಳಸಿದ ಗಾಡಿ ಬೇಡ

ಯಾಕೆ ಬೇಡ? ಅಕ್ಕನ ಮಗುವಿನ ತೊಟ್ಟಿಲು ತಂಗಿಯ ಮಗುವಿಗೆ ಬರುವ ಸೀಮೆ ಇದು. ಬಿಚ್ಚಿ ನಿಲ್ಲಿಸಿದ ಮೇಲೆ ಚೌಕಟ್ಟಿನ ಬೀಗ ಗಟ್ಟಿ ಕೂರುತ್ತದೆಯೇ, ಪಟ್ಟಿಯ ಕೊಂಡಿ ಸರಿಯಿದೆಯೇ, ಬ್ರೇಕ್ ಹಿಡಿಯುತ್ತದೆಯೇ ನೋಡಿ. ಮಡಚುವ ಕೀಲನ್ನು ವಿಶೇಷವಾಗಿ ನೋಡಿ. ಕೀಲಿಗೆ ಸಿಕ್ಕಿ ಮಕ್ಕಳ ಬೆರಳ ತುದಿ ತುಂಡಾದ ದೂರುಗಳು ಬಂದು 2009ರ ನವೆಂಬರಿನಲ್ಲಿ ಮೆಕ್ಲಾರೆನ್ ಕಂಪನಿ ಅಮೆರಿಕದಲ್ಲಿ ಮಾರಿದ ಸುಮಾರು ಹತ್ತು ಲಕ್ಷ ಗಾಡಿಗಳಿಗೆ ಕೀಲಿನ ಮುಚ್ಚಳ ಕೊಡಬೇಕಾಯಿತು. ಹೊಸದಾಗಲಿ ಹಳೆಯದಾಗಲಿ, ಮಡಚುವಾಗ ಬಿಚ್ಚುವಾಗ ಮಗು ಬೇರೆಯವರ ತೋಳಿನಲ್ಲಿರಲಿ.

ನಂಬಿಕೆ: ಹೆರಿಗೆಗೆ ಮುಂಚೆ ತಂದರೆ ಅಪಶಕುನ

ಕೂಸು ಹುಟ್ಟುವ ಮುಂಚೆ ಕುಲಾವಿ ಬೇಡ ಎಂದು ಹಿರಿಯರು ಗದರುತ್ತಾರೆ. ಮುಂಚೆ ತಂದ ವಸ್ತುವಿನಿಂದ ಮಗುವಿಗೆ ಕೇಡಾಗುವುದಿಲ್ಲ. ಆಸ್ಪತ್ರೆಗೆ ಒಯ್ಯುವ ಬಟ್ಟೆ, ಸೊಳ್ಳೆಪರದೆ, ಮಲಗಿಸುವ ಸಪಾಟು ಜಾಗ ಇವು ಮುಂಚೆಯೇ ಸಿದ್ಧವಿರಬೇಕು. 2007ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಮಡಿಲು ಕಿಟ್‌ನಲ್ಲಿದ್ದದ್ದು ಸೊಳ್ಳೆಪರದೆ, ಮಗುವಿನ ಹಾಸಿಗೆ, ಸ್ವೆಟರ್, ಟೋಪಿಯಂಥವೇ. ಹೆರಿಗೆ ನೋವು ಬಂದರೆ 108ಕ್ಕೆ ಕರೆ ಮಾಡುವುದು ಮನೆಯವರೆಲ್ಲರಿಗೂ ಗೊತ್ತಿರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ತಾಯಿ-ಮಗುವನ್ನು ಮನೆಗೆ ಬಿಡುವ ‘ನಗು-ಮಗು’ ವಾಹನವನ್ನು ಅಲ್ಲೇ ಕೇಳಿ.

ಗಾಡಿಯನ್ನು ಮಾತ್ರ ಕಾಯಿಸಿ. ಅಪಶಕುನದ ಭಯಕ್ಕಲ್ಲ, ಈಗ ತಂದರೆ ಮೂಲೆಯಲ್ಲಿ ಧೂಳು ತಿನ್ನುವುದರ ಜೊತೆಗೆ, ದೋಷವಿದ್ದರೆ ವಾಪಸ್ ಕೊಡುವ ಗಡುವು ಬಳಸುವ ಮುಂಚೆಯೇ ಮುಗಿದಿರುತ್ತದೆ. ಉಮೇದಿನ ಸೋದರಮಾವನಿಗೆ ಇವತ್ತೇ ಫೋನ್ ಮಾಡಿ: ಆರ್ಡರ್ ಈಗ ಬೇಡ, ಕೂಸಿಗೆ ಐದು ತಿಂಗಳು ತುಂಬಿದ ಮೇಲೆ ಊರಿಗೆ ಬಾ, ಇಬ್ಬರೂ ಹೊಸಪೇಟೆಗೋ ದಾವಣಗೆರೆಗೋ ಹೋಗಿ, ಮಗುವನ್ನು ಕೂರಿಸಿ, ಪಟ್ಟಿ ಕಟ್ಟಿ, ತಳ್ಳಿ ನೋಡಿಯೇ ತರೋಣ.